ಧಾರಣೆ ಏರದಿರಲಿ ಎಂದು ಹಾರೈಸುವ ತಂಡ

ಶಿವಮೊಗ್ಗ ಸೀಮೆಯಲ್ಲಿ ಅಡಿಕೆ ಧಾರಣೆ ಏರಿತೆಂದರೆ ತೋಟವಿದ್ದವರಿಗಷ್ಟೇ ಅಲ್ಲ, ಬಟ್ಟೆ ಅಂಗಡಿಯವರಿಗೂ ಬೈಕ್ ಶೋರೂಮಿನವರಿಗೂ ಸಂತೋಷವೇ. ಅದು ಏರಬಾರದೆಂದು ಮನಸಾರೆ ಹಾರೈಸುವವರು ಈ ಜಿಲ್ಲೆಯಲ್ಲಿ ಇರಲಾರರು ಎಂಬ ನಂಬಿಕೆಯನ್ನು ಸುಳ್ಳು ಮಾಡಿದ ಕೀರ್ತಿ, ಊರಿನ ಒಂದು ಮಹಡಿಯ ಮೇಲೆ ಕುಳಿತು ಅಡಿಕೆ ಧಾರಣೆ ತೋರಿಸುವ ಆ್ಯಪ್ ಕಟ್ಟುತ್ತಿರುವ ತಂಡವೊಂದಕ್ಕೆ, ತಂತ್ರಾಂಶವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಕಟ್ಟುವ 'ಅಜೈಲ್' ಪದ್ಧತಿಯ ತಂಡಕ್ಕೆ, ಸಲ್ಲಬೇಕು. (ತಂಡದ ಹೆಸರು ಬೇಡ, ಇಂಥವು ಬೆಂಗಳೂರಿನಲ್ಲಿ ಬೀದಿಗೆ ಹತ್ತಿವೆ, ಓದಿದವರು ತಮ್ಮದೇ ಎಂದುಕೊಂಡರೆ ನಮ್ಮ ಆಕ್ಷೇಪವಿಲ್ಲ.) ಮೊದಲ ಆವೃತ್ತಿಯನ್ನು ಅವಸರದಲ್ಲಿ ಬರೆದವರು ಕ್ವಿಂಟಲ್ ಧಾರಣೆಗೆ ಐದೇ ಅಂಕಿಯ ಜಾಗ ಬಿಟ್ಟಿದ್ದಾರೆ. ರಾಶಿ, ಬೆಟ್ಟೆ, ಗೊರಬಲು ಬಗೆಯ ಅಡಿಕೆಗಳಿಗೆ ಸದ್ಯಕ್ಕೆ ಅದು ಸಾಕು. 'ಸರಕು' ಎಂಬ ಬಗೆಯ ಅಡಿಕೆ ಒಂದು ಲಕ್ಷ ಮುಟ್ಟಿದ ದಿನ ಮಾತ್ರ ಎಡಗಡೆಯ '1' ಉದುರಿಹೋಗಿ, ರೈತನ ಮೊಬೈಲಿನಲ್ಲಿ ಐದು ಸೊನ್ನೆಗಳು ಸಾಲಾಗಿ ನಿಲ್ಲುತ್ತವೆ.

ಇದನ್ನು ತಂಡದವರು ತಪ್ಪು ಎನ್ನುವುದಿಲ್ಲ, ಟೆಕ್ನಿಕಲ್ ಡೆಟ್, ಅಂದರೆ ತಾಂತ್ರಿಕ ಸಾಲ, ಎನ್ನುತ್ತಾರೆ; ತಪ್ಪಿಗೆ ಬೈಗುಳ ಬೀಳುತ್ತದೆ, ಸಾಲಕ್ಕೆ ಒಂದು ಗೌರವವಿದೆ. ಈ ಸಾಲದ ಮಾತನ್ನು ಮೊದಲು ಆಡಿದವರು ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್. 1992ರಲ್ಲಿ ಒಂದು ಹಣಕಾಸು ತಂತ್ರಾಂಶ ಕಟ್ಟಿದ ಅನುಭವವನ್ನು ಬರೆಯುತ್ತ ಅವರು, ಸ್ವಲ್ಪ ಸಾಲ ಮಾಡಿದರೆ ಕೆಲಸ ಚುರುಕಾಗುತ್ತದೆ, ಆದರೆ ಕೋಡನ್ನು ಬೇಗನೆ ತಿದ್ದಿ ಬರೆದು ಅದನ್ನು ತೀರಿಸಬೇಕು, ತೀರಿಸದಿದ್ದರೆ ಸರಿಯಿಲ್ಲದ ಕೋಡಿನ ಮೇಲೆ ಕಳೆದ ನಿಮಿಷ ನಿಮಿಷವೂ ಬಡ್ಡಿಯೇ ಎಂದಿದ್ದರು. ನಮ್ಮ ತಂಡ ಈ ವಾಕ್ಯದ ಮೊದಲ ತುಂಡನ್ನು ಓದುವಷ್ಟರಲ್ಲಿ ಸ್ಪ್ರಿಂಟ್ ಎಂಬ ಕೆಲಸದ ಕಂತು ಮುಗಿದುಹೋದದ್ದರಿಂದ ಉಳಿದದ್ದನ್ನು ಬ್ಯಾಕ್‌ಲಾಗ್ ಎಂಬ ಬಾಕಿ ಪಟ್ಟಿಗೆ ಹಾಕಿತು.

ಮಾರ್ಚ್ ಕೊನೆಯಲ್ಲಿ ಕೈಗಡ ತಂದು ಸೊಸೈಟಿ ಸಾಲ ಕಟ್ಟಿ, ಕೆಲವೇ ದಿನಗಳಲ್ಲಿ ಅದೇ ಸಾಲವನ್ನು ಮತ್ತೆ ಎತ್ತುವ ಬೆಳೆಗಾರರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದರೆ ಅಲ್ಲಿ ಪುಸ್ತಕದಲ್ಲಿ ಸಾಲಗಾರನ ಹೆಸರಿರುತ್ತದೆ, ಪಹಣಿಯಲ್ಲಿ ಹೊರೆ ನಮೂದಾಗಿರುತ್ತದೆ. ಇಲ್ಲಿ ಸಾಲ ಎತ್ತಿದವರು, ಹೇಳಿದ ತಾರೀಖಿಗೆ ಆ್ಯಪ್ ಬಿಡುಗಡೆ ಮಾಡಿದ ಸಾಧನೆಗಾಗಿ ಬಡ್ತಿ ಪಡೆದು ಬೆಂಗಳೂರಿಗೆ ಹೋದರು. ಬಡ್ಡಿ ಕಟ್ಟುತ್ತಿರುವವಳು ಆಮೇಲೆ ಕಾಲೇಜು ಮುಗಿಸಿ ಬಂದ ಹುಡುಗಿ. ಆಕೆ ಕಡತ ತೆರೆದರೆ ಸಿಗುವುದು 'ಇದು ತಾತ್ಕಾಲಿಕ, ಆಮೇಲೆ ಸರಿಪಡಿಸಬೇಕು' ಎಂಬ ಒಂದು ಟಿಪ್ಪಣಿ. ಬರೆದವರ ಐಡಿ ಯಾವತ್ತೋ ರದ್ದಾಗಿದೆ.

ಹಾಗೆಂದು ತಂಡ ಸಾಲವನ್ನು ಅಲಕ್ಷಿಸಿದೆ ಎಂದರೆ ಅನ್ಯಾಯವಾದೀತು. ತೀರಿಸುವುದೊಂದನ್ನು ಬಿಟ್ಟು ಸಾಲಕ್ಕೆ ಮಾಡಬಹುದಾದ ಎಲ್ಲ ಉಪಚಾರಗಳನ್ನೂ ಅದು ಮಾಡಿದೆ. ಕೋಡನ್ನು ಜಾಲಾಡಿ, ಈ ಸಾಲ ತೀರಲು ಇಷ್ಟು ದಿನ ಬೇಕು ಎಂದು ಲೆಕ್ಕ ಕೊಡುವ ಸೋನಾರ್‌ಕ್ಯೂಬ್ ತಂತ್ರಾಂಶವನ್ನು ಹಾಕಿಸಿ, ಅದರ ಅಂಕಿಯನ್ನು ಕಚೇರಿಯ ಹಾಲ್‌ನಲ್ಲಿರುವ ಟಿವಿಯಲ್ಲಿ ಬಿತ್ತರಿಸಲಾಯಿತು. ಅಂಕಿ ಏರುತ್ತ ಹೋಗಿ ನೋಡುವವರಿಗೆ ಬೇಸರವಾದಾಗ, ಹೆಚ್ಚು ತಕರಾರು ಎತ್ತುತ್ತಿದ್ದ ನಿಯಮಗಳನ್ನು ಆರಿಸಿ ತೆಗೆದು ಸಾಲವನ್ನು ಒಂದೇ ಮಧ್ಯಾಹ್ನದಲ್ಲಿ ಅರ್ಧಕ್ಕಿಳಿಸಲಾಯಿತು. ಕೋಡಿನ ಶೇಕಡ 80 ಭಾಗಕ್ಕೆ ಅದು ಸರಿಯೇ ಎಂದು ತಾನಾಗಿ ಪರೀಕ್ಷಿಸುವ ಟೆಸ್ಟ್ ಇರಬೇಕೆಂದು ಮೇಲಿನಿಂದ ಆದೇಶ ಬಂದಾಗಲೂ ತಂಡ ಅಂಜಲಿಲ್ಲ. ಕೋಡಿನ ತುಂಡಾದ ಪ್ರತಿಯೊಂದು ಫಂಕ್ಷನ್ನನ್ನೂ ಒಮ್ಮೆ ಕರೆದು, ಅದು ಕೊಟ್ಟ ಉತ್ತರವನ್ನು ಏನೂ ವಿಚಾರಿಸದೆ ಬೀಳ್ಕೊಡುವ ಸಭ್ಯ ಟೆಸ್ಟುಗಳನ್ನು ಬರೆದುಕೊಟ್ಟಿತು. ಅಡಿಕೆ ಕೇಳಿದರೆ ಆ್ಯಪ್ ಶುಂಠಿಯ ಧಾರಣೆ ಕೊಟ್ಟರೂ ಆ ಟೆಸ್ಟುಗಳು ಪಾಸೆಂಬ ಹಸಿರು ಬಣ್ಣದಲ್ಲೇ ಇರುತ್ತವೆ. ಇನ್ನು ಕಂತು ಮುಗಿದಾಗ ನಡೆದದ್ದನ್ನು ಅವಲೋಕಿಸುವ ರೆಟ್ರೋಸ್ಪೆಕ್ಟಿವ್ ಸಭೆಯಲ್ಲಿ 'ಐದು ಅಂಕಿ' ಎಂಬ ಹಳದಿ ಚೀಟಿ ತಪ್ಪದೆ ಬೋರ್ಡಿಗೆ ಏರುತ್ತದೆ. ಅಂಟು ಆರಿ ಉದುರಿದರೆ ಹೊಸ ಚೀಟಿಯಲ್ಲಿ ನಕಲು ಮಾಡಿ ಅಂಟಿಸುತ್ತಾರೆ, ಆ ವಾರದ ಕ್ರಿಯಾಯೋಜನೆ ಅದೇ. ಕೆಲಸದ ಗಾತ್ರವನ್ನು ಪಾಯಿಂಟುಗಳಲ್ಲಿ ಅಳೆಯುವಾಗ ಐದು ಪಾಯಿಂಟಿನದನ್ನು ಎಂಟು ಎಂದು ಬರೆದುಕೊಂಡು, ಕಂತಿನಲ್ಲಿ ಮುಗಿಸಿದ ಪಾಯಿಂಟುಗಳ ಲೆಕ್ಕವಾದ ವೇಗವನ್ನು ಹೆಚ್ಚಿಸಿಕೊಂಡದ್ದನ್ನು ಪ್ರತ್ಯೇಕವಾಗಿ ಹೊಗಳಬೇಕಿಲ್ಲ, ಆ ವಿದ್ಯೆ ಈಗ ಎಲ್ಲರಿಗೂ ಬರುತ್ತದೆ.

2001ರಲ್ಲಿ ಯೂಟಾದ ಬೆಟ್ಟಗಳ ನಡುವೆ ಸೇರಿದ 17 ಮಂದಿ ಹೊರಡಿಸಿದ ಅಜೈಲ್ ಪ್ರಣಾಳಿಕೆಯ ಹನ್ನೆರಡು ತತ್ತ್ವಗಳೂ ಈ ಕಚೇರಿಯ ಗೋಡೆಯ ಮೇಲಿವೆ. ತಾಂತ್ರಿಕ ಗುಣಮಟ್ಟದ ಕಡೆ ಸದಾ ಗಮನವಿದ್ದರೆ ಚುರುಕುತನ ಹೆಚ್ಚುತ್ತದೆ ಎಂಬ ಸಾಲಿನ ಮೇಲೆ ರಜಾದಿನಗಳ ಪಟ್ಟಿ ಅಂಟಿಸಿರುವುದು ಕೇವಲ ಜಾಗದ ಅಭಾವದಿಂದ.

ಆ ಹುಡುಗಿ ಒಮ್ಮೆ ಧೈರ್ಯ ಮಾಡಿ ನೈಟ್ ಕ್ಯಾಪಿಟಲ್ ಎಂಬ ಅಮೆರಿಕದ ಷೇರು ವಹಿವಾಟು ಸಂಸ್ಥೆಯ ಕಥೆಯನ್ನು ಸಭೆಗೆ ಹೇಳಿದಳು. ಬಳಕೆ ನಿಂತು ವರ್ಷಗಳಾದರೂ ಅಳಿಸದೆ ಬಿಟ್ಟಿದ್ದ ಹಳೆಯ ಕೋಡ್, ಎಂಟು ಸರ್ವರುಗಳ ಪೈಕಿ ಒಂದಕ್ಕೆ ಹೊಸ ಆವೃತ್ತಿ ಹಾಕಲು ಮರೆತದ್ದರಿಂದ 2012ರ ಆಗಸ್ಟ್ 1ರಂದು ಎದ್ದು ಕುಳಿತು, ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ನಷ್ಟ ತಂದಿತ್ತು. ಸಭೆ ಗಂಭೀರವಾಗಿ ಕೇಳಿ ಪಾಠ ಕಲಿತುಕೊಂಡಿತು: ಎಂಟು ಸರ್ವರ್ ಇಟ್ಟುಕೊಂಡದ್ದೇ ಅವರ ತಪ್ಪು, ನಮ್ಮಲ್ಲಿರುವುದು ಒಂದೇ.

ಮೊನ್ನೆ ಸರಕಿನ ಧಾರಣೆ ಮೇಲ್ಮುಖವಾದಾಗ ಆ್ಯಪಿನಲ್ಲಿ ಯಾವ ಕೆಲಸ ಮೊದಲು ಎಂದು ನಿರ್ಧರಿಸುವ ಪ್ರಾಡಕ್ಟ್ ಓನರ್ ಬೆಂಗಳೂರಿನಿಂದ ಕರೆ ಮಾಡಿದರು. ಡೇಟಾಬೇಸ್, ಪರದೆಗಳು, ರೈತರಿಗೆ ಹೋಗುವ ಎಸ್‌ಎಂಎಸ್ ಎಲ್ಲವನ್ನೂ ತಿದ್ದಲು ಒಂದು ವಾರ ಬೇಕೆಂದು ಹುಡುಗಿ ಹೇಳಿದಳು. ಆದರೆ ಆ ವಾರವನ್ನು ದೀಪಾವಳಿಗೆ ಪರದೆಯ ಮೇಲೆ ಹಣತೆ ಉರಿಸುವ ಕೆಲಸಕ್ಕೆ ಆಗಲೇ ಕೊಟ್ಟಾಗಿತ್ತು. ಹೀಗಾಗಿ ಧಾರಣೆ ಎಷ್ಟೇ ಮೇಲೇರಲಿ, ಆ್ಯಪ್ 99,999ಕ್ಕೆ ನಿಲ್ಲಲಿ ಎಂದು ತೀರ್ಮಾನವಾಗಿ, ಮಧ್ಯಾಹ್ನದೊಳಗೆ ಕೆಲಸ ಮುಗಿದು, ಆ ಕೆಲಸದ ಟಿಕೆಟ್ 'ಡನ್' (ಮುಗಿದದ್ದು) ಅಂಕಣಕ್ಕೆ ಸರಿಯಿತು. ಹಾಗಾದರೆ ಮಂಡಿಯವರು ಇದೇ ಆ್ಯಪನ್ನು ರೈತನ ಮುಖಕ್ಕೆ ಹಿಡಿದು, ಇದಕ್ಕಿಂತ ಹೆಚ್ಚು ಕೊಡಲಾಗದು ಎಂದಾರಲ್ಲವೇ ಎಂದು ಟೆಸ್ಟರ್ ಕೇಳಿದ. ಮಂಡಿಯವರೂ ಆ್ಯಪ್ ಬಳಸತೊಡಗುವ ಸಾಧ್ಯತೆಯಿದೆ ಎಂಬ ಅಂಶವನ್ನು ತಂಡದ ಸಭೆಗಳನ್ನು ನಡೆಸುವ ಸ್ಕ್ರಮ್ ಮಾಸ್ಟರ್ ಸಂತೋಷದಿಂದ ಬರೆದುಕೊಂಡರು.