ಮನೆಯೊಳಗೆ ನೆಟ್‌ವರ್ಕ್ ಇಲ್ಲ ಅಂತ ಬೂಸ್ಟರ್ ತರಬೇಡಿ

ಮುಂಬೈ ಸುತ್ತಲಿನ ಡೊಂಬಿವಲಿ, ಮೀರಾ ರೋಡ್ ಕಡೆಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಈಗ ಇದೇ ಮಾತು. ಮನೆಯೊಳಗೆ ಸಿಗ್ನಲ್ ಬರುತ್ತಿಲ್ಲ, ಅದನ್ನು ಜೋರು ಮಾಡುವ ಪೆಟ್ಟಿಗೆ, ಅಂದರೆ ಬೂಸ್ಟರ್, ಒಳ್ಳೆಯದು ಯಾವುದು? ಒಬ್ಬರು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಅನ್ನುತ್ತಾರೆ, ಇನ್ನೊಬ್ಬರು ಆನ್‌ಲೈನ್ ಲಿಂಕ್ ಹಾಕುತ್ತಾರೆ. ನನ್ನದು ಒಂದೇ ಮಾತು, ತರಬೇಡಿ.

ನಮ್ಮಲ್ಲಿ ಮೊಬೈಲ್ ಸಿಗ್ನಲ್ ಬೂಸ್ಟರ್ ಇಟ್ಟುಕೊಳ್ಳುವುದು, ಮಾರುವುದು, ಬಳಸುವುದು ಲೈಸೆನ್ಸ್ ಇರುವ ಟೆಲಿಕಾಂ ಕಂಪನಿಗಳಿಗೆ ಮಾತ್ರ. 2022ರಲ್ಲಿ ದೂರಸಂಪರ್ಕ ಇಲಾಖೆ ಇದನ್ನು ಬಿಡಿಸಿ ಹೇಳಿತು, ಆನ್‌ಲೈನ್ ಮಾರಾಟಗಾರರಿಗೂ ಎಚ್ಚರಿಕೆ ಕೊಟ್ಟಿತು. "ಯಾರು ಬಂದು ನೋಡುತ್ತಾರೆ ಬಿಡಿ" ಅನ್ನುವವರಿಗೆ ಇದು ಸಾಕಾಗುವುದಿಲ್ಲ, ಗೊತ್ತು.

ನಮ್ಮ ಕಟ್ಟಡದ ವಿಂಗಿನಲ್ಲೇ ಒಬ್ಬರು ಹಾಕಿಸಿದ್ದರು. ಒಂದು ಆಂಟೆನಾ ಕಿಟಕಿ ಗ್ರಿಲ್ಲಿಗೆ, ಬಟ್ಟೆ ಒಣಗಿಸುವ ಹಗ್ಗದ ಪಕ್ಕ. ಇನ್ನೊಂದು ಒಳಗೆ, ಟಿವಿಯ ಮೇಲೆ. ನಡುವೆ ಬರೀ ಒಂದು ಗೋಡೆ. ಹೊರಗಿನದು ಟವರಿನ ಸಿಗ್ನಲ್ ಹಿಡಿಯಬೇಕು, ಪೆಟ್ಟಿಗೆ ಅದನ್ನು ಜೋರು ಮಾಡಬೇಕು, ಒಳಗಿನದು ಮನೆಯಲ್ಲಿ ಹರಡಬೇಕು. ಆದರೆ ಒಳಗಿನದು ಬಿಟ್ಟಿದ್ದನ್ನೇ ಹೊರಗಿನದು ಮತ್ತೆ ಹಿಡಿದರೆ? ಸಂಘದ ಕಾರ್ಯಕ್ರಮದಲ್ಲಿ ಮೈಕು ಸ್ಪೀಕರ್ ಹತ್ತಿರ ಹೋದರೆ ಕುಂಯ್ ಅಂತ ಕಿರುಚುತ್ತದಲ್ಲ, ಅದೇ ಕಥೆ. ಈ ಕಿರುಚಾಟ ನಮ್ಮ ಕಿವಿಗೆ ಬೀಳುವುದಿಲ್ಲ, ಟವರಿಗೆ ಬೀಳುತ್ತದೆ, ಆ ಗದ್ದಲದಲ್ಲಿ ಅಕ್ಕಪಕ್ಕದ ಫೋನುಗಳು ಹೇಳುವುದು ಅದಕ್ಕೆ ತಿಳಿಯುವುದೇ ಇಲ್ಲ. ಬೂಸ್ಟರ್ ಹಾಕಿಸಿದವರ ಫೋನಿನಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ, ಮೇಲಿನ ಮನೆಯವರ ಕಾಲ್ ಕಟ್. ಬೈಗುಳ ಮಾತ್ರ ಕಂಪನಿಗೆ!

ಇನ್ನು ಆ ಅಗ್ಗದ ಪೆಟ್ಟಿಗೆಗಳು ಹೆಚ್ಚಾಗಿ 900, 1800, 2100 ಮೆಗಾಹರ್ಟ್ಸ್‌ಗೆ ಮಾಡಿದವು. ನಮ್ಮ 5ಜಿ ಜಾಸ್ತಿ ಓಡುವುದು 3300ರ ಮೇಲೆ. ಆ ತರಂಗ ಈ ಪೆಟ್ಟಿಗೆಗೆ ಸಿಗುವುದೇ ಇಲ್ಲ, ಅಲ್ಲಿಗೆ ದುಡ್ಡು ನೀರಿಗೆ ಹಾಕಿದಂತೆ.

ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದೆಯಲ್ವಾ? ಫೋನಿನ ಸೆಟ್ಟಿಂಗ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ದೊಡ್ಡ ಕಂಪನಿಗಳು 2019ರ ಕೊನೆಯಿಂದ ಒಂದೊಂದಾಗಿ ಇದನ್ನು ಶುರು ಮಾಡಿವೆ, ಬೇರೆ ಆ್ಯಪ್ ಬೇಡ, ಮನೆಯ ವೈಫೈ ಮೂಲಕ ನಿಮ್ಮ ನಂಬರಿನಿಂದಲೇ ಕಾಲ್ ಹೋಗುತ್ತದೆ. ಒಳಕೋಣೆಗೆ ವೈಫೈ ಬರದಿದ್ದರೆ ಅದನ್ನು ಮುಂದಕ್ಕೆ ದಾಟಿಸುವ ರಿಪೀಟರ್ ಹಾಕಿ, ವೈಫೈ ರಿಪೀಟರಿಗೆ ಲೈಸೆನ್ಸ್ ಬೇಡ. ಆದರೆ ವೈಫೈ ಸತ್ತ ಕೋಣೆಯಲ್ಲೇ ಅದನ್ನು ಸಿಕ್ಕಿಸಬೇಡಿ ಮಾರಾಯ್ರೆ, ತನಗೇ ಬರದಿದ್ದನ್ನು ಅದು ಎಲ್ಲಿಂದ ಕೊಟ್ಟೀತು? ರೌಟರಿಗೂ ಆ ಕೋಣೆಗೂ ನಡುವೆ, ಪ್ಯಾಸೇಜಿನಲ್ಲಿ ಇಡಿ. ಬಟನ್ ಫೋನ್ ಹಿಡಿದಿರುವ ಅಜ್ಜ ಅಜ್ಜಿಯರಿಗೆ ಇದರಿಂದ ಉಪಯೋಗ ಕಡಿಮೆ, ಅದೂ ನಿಜ. ಅಂಥವರಿದ್ದರೆ ಕಂಪನಿಯ ದೂರಿನ ನಂಬರ್ 198ಕ್ಕೆ ದೂರು ಕೊಟ್ಟು, ಅವರು ಕೊಡುವ ಡಾಕೆಟ್ ನಂಬರ್ ಬರೆದಿಟ್ಟುಕೊಂಡು, ಬೆನ್ನು ಹತ್ತಿ.

ನನಗೆ ನಿಜವಾಗಿ ಸಿಟ್ಟು ಬರುವುದು ಹೌಸಿಂಗ್ ಸೊಸೈಟಿಗಳ ಮೇಲೆ. ರೇಡಿಯೇಶನ್ ಭಯದಿಂದ ಟೆರೇಸಿನ ಟವರ್ ಇಳಿಸಿದವರು ಇವರೇ, ಈಗ ಸಿಗ್ನಲ್ ಇಲ್ಲ ಅಂತ ಬಾಯಿ ಬಡಿದುಕೊಳ್ಳುವವರೂ ಇವರೇ. ಟವರಿಗೆ ನಮ್ಮ ದೇಶದ ಮಿತಿ 2012ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ. ಟವರ್ ದೂರ ಹೋದಷ್ಟೂ ಕಿವಿಗೆ ಹಚ್ಚಿದ ಫೋನೇ ಹೆಚ್ಚು ಜೋರಾಗಿ ಕೂಗಬೇಕು. ಅಂದರೆ ಭಯಪಟ್ಟು ದೂಡಿದ್ದನ್ನು ತಲೆಯ ಪಕ್ಕಕ್ಕೇ ತಂದುಕೊಂಡ ಹಾಗಾಯಿತು. ಹತ್ತಿರದಲ್ಲಿ ಎಷ್ಟು ಟವರ್ ಇವೆ ಅಂತ ಸರ್ಕಾರದ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡಬಹುದು, ನೋಡುವವರು ಎಷ್ಟು ಜನ ಇದ್ದಾರೋ.

ರಿಡೆವಲಪ್‌ಮೆಂಟ್‌ಗೆ ಹೊರಟವರಿಗೆ, ಅಂದರೆ ಹಳೆ ಕಟ್ಟಡ ಕೆಡವಿ ಹೊಸದು ಕಟ್ಟಿಸುವವರಿಗೆ, ಒಂದು ಮಾತು. ಕಟ್ಟಡದೊಳಗಿನ ನೆಟ್‌ವರ್ಕ್ ನೋಡಿ ಸ್ಟಾರ್ ರೇಟಿಂಗ್ ಕೊಡುವ ನಿಯಮವನ್ನು ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2024ರಲ್ಲಿ ತಂದಿದೆ. ಕಡ್ಡಾಯವಲ್ಲ, ಹಾಗಾಗಿ ನಾವು ಕೇಳದೆ ಬಿಲ್ಡರ್ ತಾನಾಗಿ ಬಾಯಿ ಬಿಡುವುದಿಲ್ಲ. ಮೀಟಿಂಗಿನಲ್ಲಿ ಕಾರ್ಪೆಟ್ ಏರಿಯಾಕ್ಕೂ ಪಾರ್ಕಿಂಗಿಗೂ ರಾತ್ರಿ ಹನ್ನೊಂದರ ತನಕ ಜಗಳವಾಡುತ್ತೇವೆ. ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲು ಲಿಫ್ಟ್ ಹತ್ತಿರ, ಬೇಸ್‌ಮೆಂಟಿನಲ್ಲಿ ಆಂಟೆನಾ ಎಲ್ಲಿ ಬರುತ್ತದೆ, ಕೇಬಲ್ ಎಳೆಯಲು ಎಲ್ಲಾ ಕಂಪನಿಗಳಿಗೂ ಜಾಗ ಬಿಡುತ್ತೀರಾ ಅಂತ ಕೇಳಿ, ಉತ್ತರವನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ.