ಸುತ್ತೋಲೆಯಿಂದ ವಿಂಡೋಸ್ ಏರಿಸುವ ಬಗೆ

ಕಂಪ್ಯೂಟರಿನ ವಿಂಡೋಸನ್ನು ಹೊಸ ಆವೃತ್ತಿಗೆ ಏರಿಸಲು ಬಲ್ಲವರು ಮೂರು ದಾರಿ ಹೇಳುತ್ತಾರೆ: ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ಒತ್ತಿ ಕಾಯುವುದು, 8 ಜಿಬಿ ಪೆನ್‌ಡ್ರೈವಿಗೆ ಹೊಸ ಆವೃತ್ತಿಯನ್ನು ಇಳಿಸಿಕೊಂಡು ಹಳೆಯದರ ಮೇಲೆಯೇ ಕೂರಿಸುವುದು, ಇಲ್ಲವೇ ಎಲ್ಲ ಅಳಿಸಿ ಹೊಸದಾಗಿ ಹಾಕುವುದು. ಕಲಬುರಗಿಯ ಸರ್ಕಾರಿ ಕಚೇರಿಯೊಂದು ನಾಲ್ಕನೆಯ ದಾರಿಯನ್ನು ಕಂಡುಕೊಂಡಿದೆ. ಅದರ ಹೆಸರು ಸುತ್ತೋಲೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುವ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದೆಂದು ವರ್ಷಗಳ ಮೊದಲೇ ಜಗಜ್ಜಾಹೀರಾಗಿತ್ತು. ಆ ದಿನ ಕಳೆದು ಮಣ್ಣಾದ ಮೇಲೆ ಕಚೇರಿಗೆ ಒಂದು ಪತ್ರ ಬಂತು: ಪತ್ರ ತಲುಪಿದ ಏಳು ದಿನಗಳೊಳಗಾಗಿ ಸಮಸ್ತ ಗಣಕಯಂತ್ರಗಳನ್ನು ವಿಂಡೋಸ್ 11ಕ್ಕೆ ಉನ್ನತೀಕರಿಸಿ ಅನುಪಾಲನಾ ವರದಿ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಸಂಬಂಧಪಟ್ಟ ವಿಷಯ ನಿರ್ವಾಹಕರೇ ಹೊಣೆ.

ಡಾಟಾ ಎಂಟ್ರಿ ಹುಡುಗ ಪರೀಕ್ಷಿಸಿ ನೋಡಿ, "ಇವ್ ಹಳೇ ಮಷಿನ್ ಅದಾವ್ರಿ ಸರ, ಇದ್ರಾಗ ಟಿಪಿಎಂ ಇಲ್ರಿ" ಎಂದ. ವಿಂಡೋಸ್ 11 ಕೂರಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಪ್ರೊಸೆಸರ್ ಸುಮಾರಾಗಿ ಎಂಟನೆಯ ತಲೆಮಾರಿನದಾದರೂ ಇರಬೇಕು ಎಂದು ಅವನು ವಿವರಿಸುತ್ತಿರುವಾಗಲೇ ಸಾಹೇಬರು ಕಡತದ ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಬರೆದರು: "ಸದರಿ ಟಿಪಿಎಂ ಸಾಮಗ್ರಿಯನ್ನು ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಮೂರು ಕೊಟೇಶನ್ ಪಡೆದು ಖರೀದಿಸಿ." ಎರಡು ಕೊಟೇಶನ್ ಬಂದೂ ಬಂದವು. ಅಂಗಡಿಯವರು ಯಾವ ವಸ್ತುವಿಗೆ ಬೆಲೆ ಬರೆದುಕೊಟ್ಟರೋ ಶರಣಬಸವೇಶ್ವರನೇ ಬಲ್ಲ.

ಅಷ್ಟರಲ್ಲಿ ತಾಳಿಕೊಳ್ಳುವ ಶಕ್ತಿಯಿದ್ದ ಒಂದೆರಡು ಯಂತ್ರಗಳಲ್ಲಿ ಅಪ್‌ಡೇಟ್ ಶುರು ಮಾಡಲಾಯಿತು. ಪರದೆಯ ಮೇಲೆ ಬಿಳಿ ಚುಕ್ಕಿಗಳು ಗಾಣದೆತ್ತಿನಂತೆ ಸುತ್ತುತ್ತಾ, ಕಂಪ್ಯೂಟರ್ ಆರಿಸಬೇಡಿ ಎಂದು ಬೇಡಿಕೊಳ್ಳುತ್ತಾ, ಸಂಜೆಯ ಹೊತ್ತಿಗೆ ನೂರಕ್ಕೆ ಅರವತ್ತರವರೆಗೆ ತಲುಪಿದವು. ಆದರೆ ಅದೇ ಕಚೇರಿಯಲ್ಲಿ ವಿದ್ಯುತ್ ಉಳಿತಾಯದ ಇನ್ನೊಂದು ಸುತ್ತೋಲೆಯೂ ಜಾರಿಯಲ್ಲಿದೆ. ಅದರ ಪ್ರಕಾರ ಐದೂವರೆಗೆ ಸರಿಯಾಗಿ ಜವಾನರು ಮೇನ್ ಸ್ವಿಚ್ ಎಳೆಯುತ್ತಾರೆ. ಯುಪಿಎಸ್ ಇದೆ; ಅದರ ಬ್ಯಾಟರಿ ಎಂದೋ ಸತ್ತಿರುವುದರಿಂದ ಅದರ ಮೇಲೆ ನೀರಿನ ತಂಬಿಗೆ ಇಡುತ್ತಾರೆ. ಮುಂಜಾನೆ ಬಂದು ಯಂತ್ರ ಹಚ್ಚಿದರೆ, ಮಾಡಿದ ಬದಲಾವಣೆಗಳನ್ನು ಹಿಂತೆಗೆಯುತ್ತಿದ್ದೇನೆಂದು ಅದು ಮಧ್ಯಾಹ್ನದವರೆಗೆ ಹಿಂದಕ್ಕೆ ನಡೆಯುತ್ತದೆ. ಊಟವಾದ ಮೇಲೆ ಮತ್ತೆ ಮುಂದಕ್ಕೆ. ಹೀಗೆ ನಾಲ್ಕು ದಿನ ಎರಡೂ ಸುತ್ತೋಲೆಗಳು ಚಾಚೂ ತಪ್ಪದೆ ಪಾಲನೆಯಾದವು.

ಐದನೆಯ ದಿನ ಹೊರಗಿನ ಹುಡುಗನೊಬ್ಬನನ್ನು ಕರೆಸಿ ಒಂದು ಯಂತ್ರಕ್ಕೆ ಫಾರ್ಮ್ಯಾಟ್ ಹೊಡೆಸಿದರು. ಅವನು ಸಿ ಡ್ರೈವ್ ಅಳಿಸಿದ. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನಲ್ಲೇ ಎಂಬುದು, ಇಡೀ ಶಾಖೆಯ ಕಡತಗಳನ್ನು ಡೆಸ್ಕ್‌ಟಾಪಿನ ಮೇಲೆ ಹಪ್ಪಳ ಹರವಿದಂತೆ ಹರವಿಕೊಂಡಿದ್ದ ಗುಮಾಸ್ತರಿಗೆ ಅಂದೇ ತಿಳಿಯಿತು. ಬೇರೆಡೆ ಉಳಿದಿದ್ದ ಪತ್ರಗಳನ್ನು ತೆರೆದರೆ, ಹಳೆಯ ನುಡಿ ಫಾಂಟು ಹೊಸ ವಿಂಡೋಸಿನಲ್ಲಿಲ್ಲದ ಕಾರಣ, ಕನ್ನಡವೆಲ್ಲ ಕೊಂಬು ಬಾಲ ಮೂಡಿದ ಪರದೇಶಿ ಅಕ್ಷರಗಳಾಗಿ ಕಂಡಿತು. ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲಿ ಬರೆದಿದ್ದರೆ ಈ ಗತಿ ಬರುತ್ತಿರಲಿಲ್ಲ. ಯೂನಿಕೋಡ್ ಬಳಸಿರೆಂಬ ಪತ್ರವೂ ಆ ಅಕ್ಷರಗಳ ನಡುವೆಯೇ ಎಲ್ಲೋ ಇತ್ತು.

ಉಳಿದ ಯಂತ್ರಗಳಿಗೆ ನಮ್ಮ ಸೀಮೆಯ ಅನುಭವವೇ ನೆರವಾಯಿತು. ಗುಲ್ಬರ್ಗಾ 2014ರಲ್ಲಿ ಕಲಬುರಗಿಯಾದಾಗ, ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾದಾಗ, ಕಚೇರಿ ಮಾಡಿದ್ದು ಫಲಕಕ್ಕೆ ಬಣ್ಣ ಹೊಡೆಸಿದ್ದಷ್ಟೆ. ಈಗಲೂ ವಿಂಡೋಸ್ 11ರ ನೀಲಿ ಹೂವಿನ ಚಿತ್ರವನ್ನು ಎಲ್ಲ ಪರದೆಗಳಿಗೂ ಹಚ್ಚಲಾಯಿತು. ತಪಾಸಣೆಗೆ ಬಂದವರು ಬಾಗಿಲಲ್ಲೇ ನಿಂತು ನೋಡಿ, ಚಹಾ ಕುಡಿದು ಹೋದರು.

ಏಳನೆಯ ದಿನ, ಶೇಕಡಾ ನೂರರಷ್ಟು ಉನ್ನತೀಕರಣ ಮುಗಿದಿದೆಯೆಂಬ ಅನುಪಾಲನಾ ವರದಿ ಸಿದ್ಧವಾಯಿತು. ಅದನ್ನು ಮುದ್ರಿಸಿದ್ದು ಮೂಲೆಯ ಕಂಪ್ಯೂಟರಿನಿಂದ, ಏಕೆಂದರೆ ಕಚೇರಿಯ ಒಂದೇ ಪ್ರಿಂಟರ್ ಅದರ ಮಾತನ್ನು ಮಾತ್ರ ಕೇಳುತ್ತದೆ. ಅದರಲ್ಲಿರುವುದು 2020ರ ಜನವರಿಯಲ್ಲೇ ಬೆಂಬಲ ನಿಂತುಹೋದ ವಿಂಡೋಸ್ 7. ಆಯುಧ ಪೂಜೆಯ ಕುಂಕುಮ ಇನ್ನೂ ಮಾಸದ ಅದರ ಪೆಟ್ಟಿಗೆಗೆ ಒಂದು ಚೀಟಿ ಅಂಟಿಸಿದ್ದಾರೆ: "ಇದನ್ನು ಯಾರೂ ಮುಟ್ಟಬಾರದು."