ಸೌರಮಂಡಲದಾಚೆ ಕನ್ನಡ, ಚಂದ್ರಗಿರಿಯಲ್ಲಿ ಕೈಸನ್ನೆ

1977ರಲ್ಲಿ ನಾಸಾದವರು ಎರಡು ವೊಯೇಜರ್ ನೌಕೆಗಳನ್ನು ಹಾರಿಬಿಟ್ಟರು. ದಾರಿಯಲ್ಲಿ ಅನ್ಯಗ್ರಹದವರು ಯಾರಾದರೂ ಸಿಕ್ಕರೆ ಇರಲಿ ಅಂತ ಎರಡರಲ್ಲೂ ಚಿನ್ನದ ಲೇಪದ ತಾಮ್ರದ ಗ್ರಾಮಫೋನ್ ತಟ್ಟೆ ಇಟ್ಟರು. ಅದರಲ್ಲಿ 55 ಭಾಷೆಗಳ ನಮಸ್ಕಾರ ಇದೆ. ಕನ್ನಡವೂ ಇದೆ: 'ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು.' ತೆಲುಗು, ಮರಾಠಿ ಇವೆ. ತಮಿಳು, ಮಲಯಾಳ ಇಲ್ಲ. ಈ ಸಂಗತಿಯನ್ನು ಕೇರಳದ ಗಡಿಯ ಕಾಸರಗೋಡು ಬಸ್ ಸ್ಟ್ಯಾಂಡಿನಲ್ಲಿ ಗಟ್ಟಿಯಾಗಿ ಹೇಳಬೇಡಿ. ನೌಕೆಯನ್ನು ವಾಪಸ್ ಕರೆಸಿ ಬೋರ್ಡು ಬದಲಿಸಿ ಅಂತ ನಾಳೆಯೇ ಸುತ್ತೋಲೆ ಬಂದೀತು.

ವೊಯೇಜರ್ 1 ಈಗ ಸುಮಾರು 2,500 ಕೋಟಿ ಕಿಲೋಮೀಟರ್ ದೂರದಲ್ಲಿದೆ. 2012ರಲ್ಲೇ ಸೂರ್ಯನ ಗಾಳಿಯ ಗಡಿ ದಾಟಿತು. ಅಲ್ಲಿ ಕನ್ನಡವನ್ನು ಯಾರೂ ತಡೆಯಲಿಲ್ಲ. ಇಲ್ಲಿ ಕೇರಳದ ಗಡಿ ತಲಪಾಡಿ ದಾಟಿದರೆ ಸಾಕು, ಅದಕ್ಕೆ ಏದುಸಿರು. ಅಷ್ಟು ದೂರದಿಂದ ನೌಕೆಯ ಸಿಗ್ನಲ್ ಬರಲು 23 ಗಂಟೆಗಿಂತ ಸ್ವಲ್ಪ ಜಾಸ್ತಿ ಬೇಕು. ನಮ್ಮ ಅರ್ಜಿಗೆ ಅಷ್ಟು ಬೇಗ ಉತ್ತರ ಬಂದದ್ದನ್ನು ಯಾರಾದರೂ ಕಂಡಿದ್ದೀರಾ?

ಆ ತಟ್ಟೆ ಯಾರಿಗೋ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಅದರ ಮುಚ್ಚಳದ ಮೇಲೆ ಮಿಡಿಯುವ ನಕ್ಷತ್ರಗಳಾದ 14 ಪಲ್ಸಾರ್‌ಗಳನ್ನು ಗುರುತು ಹಾಕಿ ಸೂರ್ಯನ ವಿಳಾಸ ಕೊಟ್ಟಿದ್ದಾರೆ. ತಾಲೂಕು, ಅಂಚೆ ಕೊಟ್ಟಿಲ್ಲ. ಹಾಗಾಗಿ ಅವರ ಹಾರುವ ತಟ್ಟೆ ನೇರ ಬಂದು ಕಾಸರಗೋಡಿನ ಚಂದ್ರಗಿರಿ ಹೊಳೆಯ ಮೇಲೆ ಇಳಿಯಿತು. ಮೂತಿ ಬಡಗು, ಬಾಲ ತೆಂಕು. (ಯಕ್ಷಗಾನದವರು ಸುಮ್ನೆ ಜಗಳ ತೆಗೆಯಬೇಡಿ, ನಾನು ದಿಕ್ಕು ಹೇಳಿದ್ದು.)

ತೊಡಕು ಇರುವುದು ಅಲ್ಲೇ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಗಡಿ ತಕರಾರು ನೋಡಿದ ಮಹಾಜನ ಆಯೋಗ ಚಂದ್ರಗಿರಿಯಿಂದ ಬಡಗಿನದ್ದು ಕರ್ನಾಟಕಕ್ಕೆ ಬರಲಿ ಅಂದಿತು. ವರದಿ ಕಪಾಟಿನಲ್ಲಿ ಮಲಗಿತು. ಈಗ ನೌಕೆಯ ಮೂತಿಗೆ ಒಂದು ಪಂಚನಾಮೆ, ಬಾಲಕ್ಕೆ ಒಂದು. ಬೆಂಗಳೂರಿನಿಂದ ಮಂತ್ರಿಯೊಬ್ಬರು 'ಮೂತಿ ನಮ್ಮದೇ' ಅಂತ ಗುಡುಗಿದರು. ಅಂದು ನವೆಂಬರ್ 1. ಎರಡನೇ ತಾರೀಕಿಗೆ ಮೂತಿಯ ಸುದ್ದಿಯೇ ಇಲ್ಲ.

ಬಂದವನನ್ನು ಕೌಂಟರಿಗೆ ಕಳಿಸಿದರು. ಮೂರು ಕಣ್ಣು, ಕತ್ತಿಗೆ ಯಾರೋ ಹಾಕಿದ ಬಾಡಿದ ಸೇವಂತಿಗೆ ಹಾರ. ಆತ ಬಗ್ಗಿ, ಕಲಿತದ್ದನ್ನು ಒಪ್ಪಿಸಿದ: 'ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು.'

ಗುಮಾಸ್ತರು ತಲೆ ಎತ್ತದೆ ಮಲಯಾಳದ ಫಾರಂ ತಳ್ಳಿದರು. ಕನ್ನಡದ್ದು ಕೇಳಿದರೆ ಕೈಸನ್ನೆಯಲ್ಲೇ 'ಮುಗಿದಿದೆ' ಅಂದರು. ಪಕ್ಕದಲ್ಲಿ ನಿಂತ ಅಜ್ಜ ಸಮಾಧಾನ ಹೇಳಿದರು: 'ನಿಮಗೆ ಭಾಷಾ ಅಲ್ಪಸಂಖ್ಯಾತರ ಸವಲತ್ತು ಉಂಟು ಮಾರಾಯ್ರೇ. ಕಾಗದದಲ್ಲಿ ಎಲ್ಲ ಉಂಟು.' ಸವಲತ್ತು ಬೇಕಾದರೆ ವಾಸದ ದಾಖಲೆ ಕೊಡಬೇಕು. ಆತ ಪಲ್ಸಾರ್ ನಕ್ಷೆ ತೋರಿಸಿದ. ಗ್ರಾಮ ಕಚೇರಿಯ ಸೀಲು ಎಲ್ಲಿ ಅಂತ ಕೇಳಿದರು.

ಅಂದಹಾಗೆ, ನಿಜವಾದ ವೊಯೇಜರ್ 1 ಇನ್ನೊಂದು ನಕ್ಷತ್ರದ ಹತ್ತಿರ, ಅದೂ ಒಂದೂವರೆ ಜ್ಯೋತಿರ್ವರ್ಷಕ್ಕಿಂತ ದೂರದಲ್ಲಿ, ಹಾದು ಹೋಗಲು ಸುಮಾರು 40,000 ವರ್ಷ ಬೇಕು. ಅವಸರ ಏನಿಲ್ಲ, ಅಷ್ಟರೊಳಗೆ ಫೈಲು ಇನ್ನೊಂದು ಮೇಜಿಗೆ ಹೋಗಿರುತ್ತದೆ.

ಸಂಜೆ ಸ್ವಾಗತ ಸಭೆ. ಭಾಷಣ ಮಾಡಿದವರೆಲ್ಲ 'ಸಪ್ತಭಾಷಾ ಸಂಗಮ ಭೂಮಿ' ಅಂದರು, ಅಷ್ಟೂ ಮಂದಿ ಒಂದೇ ಭಾಷೆಯಲ್ಲಿ. ಕೊನೆಗೆ ಬಂದವನ ಭಾಷೆಯನ್ನು ಎಂಟನೆಯದಾಗಿ ಸೇರಿಸಿದರು. ಅದಕ್ಕೆ ಸಮಿತಿಯೂ ಆಯಿತು, ಸಮಿತಿಗೆ ಕಾರೂ ಬಂತು.

ಮರುವಾರ ಆತನಿಗೆ ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತದ ಮಾಸ್ಟ್ರ ಕೆಲಸ ಸಿಕ್ಕಿತು. ಕನ್ನಡ ಬಾರದ ಮಾಸ್ಟ್ರು ಬಂದಾಗಿನಂತೆ ಈ ಸಲ ಮಕ್ಕಳ ತಂದೆ ತಾಯಿ ಯಾರೂ ಧರಣಿ ಕೂರಲಿಲ್ಲ. ಬಂದ ಮಾಸ್ಟ್ರಿಗೆ ಒಂದು ವಾಕ್ಯವಾದರೂ ಕನ್ನಡ ಬರುತ್ತದಲ್ಲ!